ಮೈ ಬಿಡದ ಸಂಚಿ



ಅಮೆರಿಕದ ರಾಕಿ ಪರ್ವತಸಾಲಿನಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಎಲ್ಕ್ ಬೇಟೆಯ ಕಾಲ. ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಅದಕ್ಕಿಂತ ದೊಡ್ಡ ಪ್ರಾಣಿ. ಪರವಾನಗಿ ಪಡೆದು ಅದನ್ನು ಬೇಟೆಯಾಡಲು ಅಲ್ಲಿ ಕಾನೂನಿನ ಒಪ್ಪಿಗೆಯಿದೆ. ಕೊಲರಾಡೊ, ಮೊಂಟಾನಾದಂಥ ರಾಜ್ಯಗಳಲ್ಲಿ ರಸ್ತೆ ಮುಗಿದ ಮೇಲೂ ಮೈಲಿಗಟ್ಟಲೆ ಒಳಗೆ ನಡೆದು ಬೀಡು ಬಿಡುವವರಿದ್ದಾರೆ. ಅವರ ಬೆನ್ನಿನ ಚೀಲದಲ್ಲಿ ಗುಡಾರ, ಹೊದಿಕೆ, ಒಲೆ, ಊಟ ಎಲ್ಲವೂ ಇರುತ್ತದೆ. ಆದರೆ ಅಪಾಯದ ಹೊತ್ತಿನಲ್ಲಿ ಎಷ್ಟೋ ಸಲ ಆ ಚೀಲವೇ ಜೊತೆಗಿರುವುದಿಲ್ಲ.

ಹೇಗೆ ಅಂತೀರಾ? ಇಳಿಹೊತ್ತಿನಲ್ಲಿ ಎದುರಿನ ಇಳಿಜಾರಿನಲ್ಲಿ ಪ್ರಾಣಿ ಕಾಣಿಸುತ್ತದೆ. ಸದ್ದಾಗಬಾರದು, ಮೈ ಹಗುರಾಗಿರಬೇಕು ಅಂತ ಬೇಟೆಗಾರ ಚೀಲವನ್ನು ಒಂದು ಮರದ ಬುಡಕ್ಕೆ ಒರಗಿಸಿ ಮುಂದೆ ಸರಿಯುತ್ತಾನೆ. ಗುಂಡೋ ಬಾಣವೋ ತಗುಲಿದ ಪ್ರಾಣಿ ಓಡುತ್ತದೆ. ಗಾಯಗೊಂಡದ್ದನ್ನು ಹಾಗೇ ಬಿಟ್ಟು ಬರುವುದು ಬೇಟೆಯ ಧರ್ಮವಲ್ಲ. ರಕ್ತದ ಹನಿಗಳ ಜಾಡು ಹಿಡಿದು ಒಂದು ಕಣಿವೆ ಇಳಿಯುತ್ತಾನೆ, ಇನ್ನೊಂದು ದಿಣ್ಣೆ ಹತ್ತುತ್ತಾನೆ. ಕಣ್ಣೆಲ್ಲ ನೆಲದ ಮೇಲೇ ಇರುವುದರಿಂದ ಬಂದ ದಾರಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ತಲೆ ಎತ್ತುವಷ್ಟರಲ್ಲಿ ಕತ್ತಲಾಗಿರುತ್ತದೆ, ಹಿಮವೂ ಬೀಳತೊಡಗಿರಬಹುದು. ಆ ಮರ ಯಾವುದು, ಚೀಲ ಎಲ್ಲಿ?

ಇದನ್ನು ಬಲ್ಲ ಬೇಟೆಗಾರರು ದೊಡ್ಡ ಚೀಲದ ಜೊತೆಗೆ ಮೈಗಂಟಿಕೊಂಡೇ ಇರುವ ಒಂದು ಪುಟ್ಟ ಸಂಚಿಯನ್ನೂ ಇಟ್ಟುಕೊಂಡಿರುತ್ತಾರೆ. ನಮ್ಮ ಮಲೆನಾಡಿನ ಹಿರಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿಯ ಹಾಗೆ, ಬೀಡಿನಿಂದ ಹೊರಟರೆ ಅದು ಮೈಮೇಲೆ ಇರಲೇಬೇಕು. ಅದರಲ್ಲಿರುವುದು ಒಂದೇ ಒಂದು ರಾತ್ರಿ ಕಳೆಯಲು ಬೇಕಾದಷ್ಟು ಸಾಮಾನು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೆ ತೆರೆ ಬಿತ್ತು. ಅದು ಹಾಗೇ ಇರಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ಚೀಲ ಇಳಿಸಿ ಮುಂದೆ ಹೋಗುವ ಅಭ್ಯಾಸ ನಮ್ಮ ಚಾರಣಿಗರಲ್ಲೂ ಇದೆ. ಕುಮಾರಪರ್ವತಕ್ಕೆ ಹೋಗುವವರನ್ನು ನೋಡಿ. ಸುಬ್ರಹ್ಮಣ್ಯದಿಂದ ಗಿರಿಗದ್ದೆಗೆ ಹತ್ತಿ, ಅಲ್ಲಿ ಚೀಲ ಇಳಿಸಿ, ಒಂದು ಬಾಟಲಿ ನೀರು ಮತ್ತು ಮೊಬೈಲ್ ಹಿಡಿದು 1712 ಮೀಟರ್ ಎತ್ತರದ ತುದಿಯತ್ತ ಹೊರಟುಬಿಡುತ್ತಾರೆ. ಮಧ್ಯಾಹ್ನದ ಮೇಲೆ ಮಂಜು ಕವಿದರೆ ಆ ಬೋಳು ಹುಲ್ಲುಗುಡ್ಡದಲ್ಲಿ ಹತ್ತು ಹೆಜ್ಜೆ ಮುಂದಿನ ಕಾಲುದಾರಿಯೂ ಕಾಣುವುದಿಲ್ಲ. ದಾರಿ ತಪ್ಪಿಸಿಕೊಳ್ಳುವವರು ಹೆಚ್ಚಾಗಿ ‘ಇಲ್ಲೇ ಹೋಗಿ ಬಂದುಬಿಡ್ತೀವಿ’ ಅಂತ ಹೊರಟವರೇ.

ಕಾಡು ಅಂದ ಕೂಡಲೇ ನಮಗೆ ಹಾವು, ಆನೆ, ಹಸಿವು ನೆನಪಾಗುತ್ತವೆ. ಎಲ್ಲಕ್ಕಿಂತ ಮೊದಲು ಬಂದು ಹಿಡಿಯುವುದು ಚಳಿ. ಕಾಡಿನ ತಜ್ಞರ ಒಂದು ಸ್ಥೂಲ ಲೆಕ್ಕವಿದೆ: ಊಟವಿಲ್ಲದೆ ಮೂರು ವಾರ, ನೀರಿಲ್ಲದೆ ಮೂರು ದಿನ, ಕೆಟ್ಟ ಹವೆಯಲ್ಲಿ ಮರೆಯಿಲ್ಲದೆ ಮೂರೇ ಗಂಟೆ. ಮೈಯ ಒಳಗಿನ ಬಿಸಿ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ದೇಹ ಸೋಲತೊಡಗುತ್ತದೆ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಗಾಳಿಗಿಂತ ನೀರು ಮೈಯ ಬಿಸಿಯನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಹೀಗಾಗಿ ಜುಲೈ ತಿಂಗಳಲ್ಲಿ ತೊಯ್ದ ಜೀನ್ಸ್ ತೊಟ್ಟು ಗಾಳಿಗೊಡ್ಡಿದ ಘಟ್ಟದ ನೆತ್ತಿಯಲ್ಲಿ ಕೂತವನಿಗೂ ಈ ಅಪಾಯ ತಪ್ಪಿದ್ದಲ್ಲ. ಮೊದಲು ನಡುಕ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಜಿಪ್ ಹಾಕಿಕೊಳ್ಳಲು ಬರುವುದಿಲ್ಲ, ಮಾತು ತೊದಲುತ್ತದೆ, ಕಾಲು ಎಡವುತ್ತದೆ. ಅಷ್ಟು ಹೊತ್ತು ನಡುಗುತ್ತಿದ್ದವನು ಒದ್ದೆ ಬಟ್ಟೆಯಲ್ಲೇ ನಡುಕ ನಿಲ್ಲಿಸಿ ‘ನನಗೇನೂ ಆಗಿಲ್ಲ, ಬಿಡಿ’ ಅಂದರೆ ಗಾಬರಿಪಡಬೇಕಾದದ್ದು ಆಗ.

ಆದ್ದರಿಂದ ಸಂಚಿಯಲ್ಲಿ ಮೊದಲ ಜಾಗ ಮರೆಗೆ. ಕಸ ತುಂಬುವ ದೊಡ್ಡ, ದಪ್ಪ ಪ್ಲಾಸ್ಟಿಕ್ ಚೀಲ ಒಂದು ಸಾಕು. ಅದರ ಮುಚ್ಚಿದ ತುದಿಯ ಒಂದು ಮೂಲೆಗಿಂತ ಗೇಣು ಕೆಳಗೆ ಮುಖವಷ್ಟೇ ಹೊರಬರುವ ಹಾಗೆ ಒಂದು ತೂತು ಮಾಡಿ. ತೂತು ದೊಡ್ಡದಾದರೆ ಮಳೆ ಒಳಗಿಳಿಯುತ್ತದೆ, ತೂತೇ ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಚೀಲವನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡು, ಗಾಳಿಗೆ ಬೆನ್ನು ಕೊಟ್ಟು, ಮಂಡಿಗಳನ್ನು ಎದೆಗೆ ಎಳೆದುಕೊಂಡು ಕುಳಿತುಕೊಳ್ಳಿ. ಕೆಳಗೆ ತರಗೆಲೆ, ಹುಲ್ಲು, ಸೊಪ್ಪು, ಏನು ಸಿಕ್ಕರೆ ಅದನ್ನು ದಪ್ಪಗೆ ಹಾಸಿಕೊಳ್ಳಿ. ಏಕೆಂದರೆ ತಣ್ಣನೆಯ ನೆಲವೂ ಬಿಸಿಯನ್ನು ಹೀರುತ್ತದೆ. ನಾಸಾ ಸಂಸ್ಥೆ 1964ರಲ್ಲಿ ಬಾಹ್ಯಾಕಾಶದ ಬಳಕೆಗೆಂದು ರೂಪಿಸಿದ ಬೆಳ್ಳಿಬಣ್ಣದ ತೆಳು ಹಾಳೆಯ ಹೊದಿಕೆ ಈಗ ಚಾರಣದ ಅಂಗಡಿಗಳಲ್ಲಿ ಸಿಗುತ್ತದೆ. ಮಡಿಸಿದರೆ ಅಂಗೈಯಲ್ಲಿ ಹಿಡಿಸುತ್ತದೆ. ಮೈಯಿಂದ ಹೊರಟ ಬಿಸಿಯನ್ನು ಮೈಗೇ ಮರಳಿಸುತ್ತದೆ. ಆದರೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ, ಒಂದು ಮುಳ್ಳು ಚುಚ್ಚಿದರೆ ಉದ್ದಕ್ಕೂ ಸೀಳಿಹೋಗುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದ ಒಳಗೆ ಸುತ್ತಿಕೊಳ್ಳುವುದು ಜಾಣತನ. ಎರಡರಲ್ಲಿ ಒಂದನ್ನೇ ಒಯ್ಯುವುದಾದರೆ ನಾನು ಪ್ಲಾಸ್ಟಿಕ್ ಚೀಲವನ್ನೇ ಆರಿಸುತ್ತೇನೆ.

ರಾಕಿ ಬೆಟ್ಟಗಳಲ್ಲಿ ಎರಡನೆಯ ಜಾಗ ಬೆಂಕಿಗೆ. ಎರಡು ಲೈಟರ್, ವ್ಯಾಸಲಿನ್ ಸವರಿದ ಹತ್ತಿಯುಂಡೆಗಳು. ಈ ಉಂಡೆ ಹಲವು ನಿಮಿಷ ಉರಿಯುವುದರಿಂದ ಒದ್ದೆ ಕಡ್ಡಿಯೂ ಹೊತ್ತಿಕೊಳ್ಳಲು ಸಮಯ ಸಿಗುತ್ತದೆ. ನಮ್ಮ ಘಟ್ಟಗಳಲ್ಲಿ ಮಾತ್ರ ಬೆಂಕಿಯನ್ನು ನಂಬಿ ಹೊರಡಬೇಡಿ. ಮಳೆಗಾಲದ ಸೌದೆ ಹೊತ್ತುವುದಿಲ್ಲ. ಬೇಸಿಗೆಯ ಹುಲ್ಲುಗಾವಲಿಗೆ ಒಂದು ಕಿಡಿ ಬಿದ್ದರೆ ಗುಡ್ಡಕ್ಕೆ ಗುಡ್ಡವೇ ಸುಟ್ಟುಹೋಗುತ್ತದೆ; ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧವೂ ಹೌದು. ಅದರ ಬದಲು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ಒಂದು ಒಣ ಬನಿಯನ್, ಒಂದು ಉಣ್ಣೆಯ ಟೊಪ್ಪಿ ಇರಲಿ.

ಇನ್ನು ಒಂದು ಸೀಟಿ. ಕೂಗಿ ಕೂಗಿ ಗಂಟಲು ಬೇಗ ಒಡೆಯುತ್ತದೆ, ಸೀಟಿಗೆ ಅಷ್ಟು ಶ್ರಮ ಬೇಡ, ದೂರಕ್ಕೂ ಕೇಳುತ್ತದೆ. ಮೂರು ಸಲ ಊದಿ, ತಡೆದು, ಮತ್ತೆ ಮೂರು ಸಲ ಊದುವುದು ಅಮೆರಿಕದಲ್ಲಿ ಎಲ್ಲರೂ ಬಲ್ಲ ಆಪತ್ತಿನ ಸೂಚನೆ. ನಿಮ್ಮ ಗುಂಪಿಗೂ ಹೊರಡುವ ಮೊದಲೇ ಹೇಳಿಕೊಡಿ. ಹಣೆಗೆ ಕಟ್ಟುವ ಸಣ್ಣ ಟಾರ್ಚ್ ಬೇಕೇ ಬೇಕು. ಮೊಬೈಲಿನ ಟಾರ್ಚ್ ಹಚ್ಚಿಕೊಂಡು ನಡೆದರೆ ಕರೆ ಮಾಡಬೇಕಾದಾಗ ಬ್ಯಾಟರಿ ಉಳಿದಿರುವುದಿಲ್ಲ. ಒಂದೆರಡು ಚಿಕ್ಕಿ, ಓಆರ್‌ಎಸ್ ಪೊಟ್ಟಣ, ನೀರು ಶುದ್ಧಿಯ ಕ್ಲೋರಿನ್ ಮಾತ್ರೆ ಇವು ಹೆಚ್ಚು ಜಾಗ ಹಿಡಿಯುವುದಿಲ್ಲ.

ಗಾಯದ ವಿಷಯದಲ್ಲಿ ಅವರ ಸಂಚಿಗೂ ನಮ್ಮದಕ್ಕೂ ವ್ಯತ್ಯಾಸವಿದೆ. ಕತ್ತಲಲ್ಲಿ, ಮರಗಟ್ಟಿದ ಕೈಯಲ್ಲಿ, ರಕ್ತಕ್ಕೆ ಜಾರುವ ಚಾಕು ಹಿಡಿದು ಮಾಂಸ ಬಿಡಿಸುವ ಬೇಟೆಗಾರನಿಗೆ ತನ್ನ ಕೈಯನ್ನೇ ಆಳವಾಗಿ ಕೊಯ್ದುಕೊಳ್ಳುವ ಭಯ. ಅವನಿಗೆ ಗಾಯವನ್ನು ಒತ್ತಿ ಕಟ್ಟುವ ದಪ್ಪ ಪಟ್ಟಿ ಬೇಕು. ನಮಗೆ ಉಳುಕಿದ ಕಾಲಿಗೆ ಅಗಲವಾದ ಕ್ರೇಪ್ ಬ್ಯಾಂಡೇಜ್ ಬೇಕು. ಹಾವು ಕಚ್ಚಿದರೆ ಅದೇ ಬ್ಯಾಂಡೇಜಿನಿಂದ ಕಾಲಿಗೊಂದು ಕೋಲು ಸೇರಿಸಿ, ಮುರಿದ ಮೂಳೆಗೆ ಕಟ್ಟಿದಂತೆ ಅಲುಗಾಡದ ಹಾಗೆ ಕಟ್ಟಬಹುದು. ಬಿಗಿದು ರಕ್ತ ನಿಲ್ಲಿಸಬೇಡಿ, ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ. ಉಂಗುರ, ಗಡಿಯಾರ, ಕಾಲ್ಗೆಜ್ಜೆ ತೆಗೆದು, ಹೊತ್ತುಕೊಂಡಾದರೂ ಆಸ್ಪತ್ರೆಗೆ ಸಾಗಿಸಿ. ಜಿಗಣೆಗೆ ಹೆದರಬೇಕಿಲ್ಲ. ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೇ.

ಅಮೆರಿಕದ ಬೇಟೆಗಾರರ ಸಂಚಿಗೆ ಈಚೆಗೆ ಸೇರಿರುವುದು ಉಪಗ್ರಹದ ಮೂಲಕ ಸಂದೇಶ ಕಳಿಸುವ ಅಂಗೈಯಗಲದ ಸಾಧನ. ಅಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಒಂದು ಮಾತು: ರಜೆಗೆ ಊರಿಗೆ ಬರುವಾಗ ಅದನ್ನು ತರಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ನಮ್ಮ ಕಾಡಿನಲ್ಲಿ ಎತ್ತರದ ಜಾಗ ಹುಡುಕಿ 112ಕ್ಕೆ ಕರೆ ಮಾಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯದು ಇದ್ದರೆ ಆ ಕರೆ ಹೋಗುವ ಸಾಧ್ಯತೆಯಿದೆ.

ಸಂಚಿಯಲ್ಲಿ ಹಿಡಿಸದ ಒಂದು ವಸ್ತುವಿದೆ, ಅದನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಒಂದು ಚೀಟಿ. ಯಾವ ದಾರಿಯಲ್ಲಿ ಹತ್ತುತ್ತೀರಿ, ಯಾವ ದಾರಿಯಲ್ಲಿ ಇಳಿಯುತ್ತೀರಿ, ಜೊತೆಗೆ ಯಾರಿದ್ದಾರೆ, ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು, ಇಷ್ಟನ್ನೂ ಬರೆದಿಡಿ. ಇನ್ನೊಂದು ಪ್ರತಿ ಅರಣ್ಯ ಇಲಾಖೆಯ ಗೇಟಿನಲ್ಲಿ ಇರಲಿ. ಕೊಲರಾಡೊದಲ್ಲಿ ಬೇಟೆಯ ಪರವಾನಗಿಯ ಹಣದಲ್ಲೇ ಒಂದು ಪುಟ್ಟ ಪಾಲು ಶೋಧ ಮತ್ತು ರಕ್ಷಣೆಯ ನಿಧಿಗೆ ಹೋಗುತ್ತದೆ. ನಮ್ಮಲ್ಲಿ ಹುಡುಕಲು ಹೊರಡುವವರು ಕಾವಲು ಸಿಬ್ಬಂದಿ ಮತ್ತು ಪಕ್ಕದ ಊರಿನ ಯುವಕರು. ನಿಮ್ಮ ದಾರಿ ಗೊತ್ತಿದ್ದರೆ ಅವರು ನೇರವಾಗಿ ಬರುತ್ತಾರೆ. ನೀವು ಕ್ಷೇಮವಾಗಿ ಇಳಿದು ಬಂದಮೇಲೆ ಗೇಟಿಗೂ ಮನೆಗೂ ಆ ಕ್ಷಣವೇ ತಿಳಿಸಿ. ಮರೆತು ಬಸ್ಸು ಹತ್ತಿದರೆ, ಅವರು ರಾತ್ರಿಯಿಡೀ ಮಳೆಯಲ್ಲಿ ನಿಮ್ಮನ್ನೇ ಹುಡುಕುತ್ತಿರುತ್ತಾರೆ.