ಮನೆಯ ಲೆಕ್ಕದ ಕಥೆ



೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ಭೀತಿಯಿಂದ ಶಾಲೆಗಳ ಬಾಗಿಲು ಮುಚ್ಚಿದವು. ಜತ್ತ ತಾಲೂಕಿನ ಕನ್ನಡ ಶಾಲೆಗಳ ಶಿಕ್ಷಕರಾದ ನಾವು ಮೊಬೈಲಿನ ಮೂಲಕವೇ ಪಾಠ ಹೇಳಬೇಕಾಗಿ ಬಂದಿತು. ಉದ್ಯಮಶೀಲತೆಯನ್ನು ಕಥಾರೂಪದಲ್ಲಿ ಬೋಧಿಸೋಣವೆಂದು ದೊಡ್ಡ ಉದ್ಯಮಪತಿಗಳ ಚರಿತ್ರೆಗಳಿಗೆ ಚಿತ್ರ, ಧ್ವನಿಗಳನ್ನು ಜೋಡಿಸಿ ಕಳುಹಿಸಿದೆವು. ಮಕ್ಕಳು ಕೈಮುಗಿದ ಚಿತ್ರವೊಂದನ್ನು ಮರಳಿ ಕಳುಹಿಸಿ ಸುಮ್ಮನಾದರು. ವಿದ್ವಾನ್ ಪದವೀಧರರ ಗ್ರಾಂಥಿಕ ಭಾಷೆಯೂ ಅದಕ್ಕೆ ಕಾರಣವಾಗಿದ್ದೀತು!

ಅದೇ ವರ್ಷ ನೆರೆಯ ಸೊಲ್ಲಾಪುರ ಜಿಲ್ಲೆಯ ಪರಿತೆವಾಡಿಯ ಶಿಕ್ಷಕ ರಣಜಿತಸಿಂಹ ಡಿಸಲೆಯವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಲಭಿಸಿತು. ಅವರು ಪಠ್ಯಗಳನ್ನು ಮಕ್ಕಳ ಮನೆಮಾತಾದ ಕನ್ನಡಕ್ಕೆ ತಂದು, ಕ್ಯೂಆರ್ ಸಂಕೇತಗಳ ಮೂಲಕ ಪದ್ಯ, ಕಥೆ, ದೃಶ್ಯಗಳನ್ನು ಜೋಡಿಸಿದರೆಂದು ಪ್ರಶಸ್ತಿ ನೀಡಿದವರು ತಿಳಿಸಿದ್ದರು. ಇದನ್ನು ಓದಿ ನಾಚಿದೆವು. ಕನ್ನಡದ ಗುರುಗಳಾದ ನಾವು ನಮ್ಮ ಮಕ್ಕಳ ಅಂಗಳಕ್ಕಾದರೂ ಇಳಿಯಬೇಡವೇ?

ಮನೆಯ ದುಡಿಮೆಯ ಕಥೆಯನ್ನು ನೀವೇ ಹೇಳಿ ಕಳುಹಿಸಿರೆಂದು ಮಕ್ಕಳನ್ನು ಕೇಳಿದೆವು. ಮಾಡಗ್ಯಾಳದ ಕುರಿಗಳು ಬಂದವು, ದಾಳಿಂಬೆಯ ತೋಟ ಬಂದಿತು. ಒಬ್ಬ ಹುಡುಗಿ ಒಣದ್ರಾಕ್ಷಿಯ ಕಥೆ ಹೇಳಿದಳು. ಗೊನೆಗಳನ್ನು ಔಷಧಿಯ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಬಲೆಗಳ ಮೇಲೆ ಹರವಿ, ಎರಡು ವಾರಗಳ ಕಾಲ ಕಾಯಬೇಕು. ಸುಮಾರು ೪ ಕಿಲೊ ದ್ರಾಕ್ಷಿಗೆ ೧ ಕಿಲೊ ಒಣದ್ರಾಕ್ಷಿ. ಅಷ್ಟರಲ್ಲಿ ಅಕಾಲದ ಮಳೆ ಬಿದ್ದು ಬಣ್ಣ ಕೆಟ್ಟಿತು, ದರ ಇಳಿಯಿತು. ಸಾಲದ ಮೊತ್ತವನ್ನೂ ತಾಯಿ ಅಡವಿಟ್ಟ ಬಳೆಗಳನ್ನೂ ಆಕೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ನಾವು ಅಭಿಮಾನದಿಂದ ಅದನ್ನು ತರಗತಿಯ ಗುಂಪಿಗೆಲ್ಲ ಹಂಚಿದೆವು.

ಶೀತಗೃಹದಲ್ಲಿಟ್ಟು ದರ ಏರಿದಾಗ ಮಾರಬೇಕಿತ್ತೋ, ಅದರ ಬಾಡಿಗೆಯೇ ಹೊರೆಯಾಗುತ್ತಿತ್ತೋ ಎಂದು ಮಕ್ಕಳು ಎರಡು ದಿನ ವಾದಿಸಿದರು. ಅಂಥ ಪಾಠ ನಮ್ಮ ಸೇವಾವಧಿಯಲ್ಲಿ ವಿರಳ. ಮೂರನೆಯ ದಿನ ಹುಡುಗಿಯ ತಂದೆಯ ಕರೆ ಬಂದಿತು: “ಗುರುಗಳ, ನಮ್ಮನಿ ಸಾಲ ಊರ ಮಂದಿಗೆಲ್ಲಾ ಗೊತ್ತಾತ್ರಿ.” ಮಾತಿನಲ್ಲಿ ಕೋಪವಿರಲಿಲ್ಲ, ನಮಗೆ ಅದೇ ಹೆಚ್ಚು ನೋವಾಯಿತು. ಗುಂಪಿನಿಂದ ಕಥೆಯನ್ನು ಅಳಿಸಿ, ಅವರ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಆದರೆ ಅದು ಆಗಲೇ ಎಷ್ಟು ಮೊಬೈಲುಗಳನ್ನು ಹೊಕ್ಕಿತ್ತೋ!

ಅಂದಿನಿಂದ ಮನೆಯ ಹಿರಿಯರು ಕೇಳಿ ಒಪ್ಪಿದ ಕಥೆಯನ್ನಷ್ಟೇ ಹಂಚುತ್ತೇವೆ. ಹೆಸರನ್ನೂ ಸಾಲದ ಮೊತ್ತವನ್ನೂ ಬದಲಿಸುತ್ತೇವೆ. ನಷ್ಟವನ್ನು ಲಾಭವೆಂದು ಮಾತ್ರ ತಿದ್ದುವುದಿಲ್ಲ.

ಇನ್ನೊಂದು ಬಿನ್ನಹವುಂಟು. ದೀಪಾವಳಿಯ ಸುಮಾರಿಗೆ ತಂದೆತಾಯಿಗಳು ಕಬ್ಬು ಕಡಿಯಲು ಹೊರಟರೆ ಮನೆಯ ಒಂದೇ ಮೊಬೈಲೂ ಅವರೊಡನೆ ಹೋಗುತ್ತದೆ. ಅಜ್ಜಿಯ ಬಳಿ ಉಳಿದ ಮಕ್ಕಳ ಕಥೆ ನಮಗೆ ಇನ್ನೂ ಬಂದಿಲ್ಲ. ಸಂಘದ ಸದಸ್ಯರು ತಮ್ಮಲ್ಲಿರುವ ಹಳೆಯ ಮೊಬೈಲುಗಳನ್ನು ಕೊಟ್ಟರೆ, ಅವುಗಳನ್ನು ಆ ಮನೆಗಳಿಗೆ ಮುಟ್ಟಿಸುವ ಹೊಣೆ ನಮ್ಮದು.