ಧರೆಯ ಇಳಿಜಾರು ಮತ್ತು ಲಂಬಕೋನ ತ್ರಿಭುಜ



2019ರ ಆಗಸ್ಟ್ 23ರಂದು ಮಂಗಳೂರಿನ ಕುಲಶೇಖರದ ಬಳಿ, ಪಡೀಲ್ ಮತ್ತು ಜೋಕಟ್ಟೆಗಳ ನಡುವೆ, ಗುಡ್ಡ ಕುಸಿದು ರೈಲು ಹಳಿಯ ಮೇಲೆ ಬಿದ್ದಿತು. ಕೊಂಕಣ ಮಾರ್ಗದ ಸಂಚಾರ ಹಲವು ದಿನ ಸ್ಥಗಿತಗೊಂಡಿತು. ಕೊನೆಗೆ ಪಕ್ಕದಲ್ಲಿ ಸುಮಾರು 400 ಮೀಟರ್ ಬದಲಿ ಹಳಿಯನ್ನೇ ಹಾಸಬೇಕಾಯಿತು.

ಕರಾವಳಿಯ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿಯಲ್ಲಿ ಮೆದುವಾದ ಶೇಡಿ ಮಣ್ಣು. ನೀರು ಕುಡಿದ ಶೇಡಿ ಮಣ್ಣು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಇಂತಹ ಗುಡ್ಡವನ್ನು ಕತ್ತರಿಸಿದ ಮೇಲೆ ಉಳಿಯುವ ಧರೆ ಎಷ್ಟು ಕಡಿದಾಗಿದೆ ಎಂಬುದು ಅದರ ಬುಡದಲ್ಲಿ ವಾಸಿಸುವವರಿಗೆ ಜೀವನ್ಮರಣದ ಪ್ರಶ್ನೆ. ಅದನ್ನು ಅಳೆಯುವ ವಿದ್ಯೆ ಹತ್ತನೆಯ ತರಗತಿಯ ಗಣಿತದಲ್ಲಿಯೇ ಇದೆ.

50 ಸೆಂಟಿಮೀಟರ್ ಉದ್ದದ ಕೋಲಿನ ಒಂದು ತುದಿಯನ್ನು ಧರೆಗೆ ತಾಗಿಸಿ, ರಸಮಟ್ಟವಿಟ್ಟು ಸಮತಲವಾಗಿ ಹಿಡಿಯಬೇಕು. ಹೊರತುದಿಯಿಂದ ತೂಗುಗುಂಡಿನ ದಾರವನ್ನು ಕೆಳಗಿನ ಇಳಿಜಾರು ಮುಟ್ಟುವವರೆಗೆ ಬಿಡಬೇಕು. ಕೋಲು, ದಾರ, ಇಳಿಜಾರು ಸೇರಿ ಒಂದು ಲಂಬಕೋನ ತ್ರಿಭುಜವಾಯಿತು. ಕೋಲು ಧರೆಯನ್ನು ತಾಗಿದಲ್ಲಿನ ಕೋನವೇ ಇಳಿಜಾರಿನ ಕೋನ. ಅದಕ್ಕೆ ದಾರ ಅಭಿಮುಖ ಬಾಹು, ಕೋಲು ಪಾರ್ಶ್ವ ಬಾಹು, ಇಳಿಜಾರು ವಿಕರ್ಣ.

ಅಭಿಮುಖವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾಂಜೆಂಟ್. ದಾರವೂ 50 ಸೆಂಟಿಮೀಟರ್ ಇದ್ದರೆ ಟ್ಯಾಂಜೆಂಟ್ 1, ಕೋನ 45 ಡಿಗ್ರಿ. ದಾರ 100 ಸೆಂಟಿಮೀಟರ್ ಇದ್ದರೆ ಟ್ಯಾಂಜೆಂಟ್ 2, ಕೋನ ಸುಮಾರು 63 ಡಿಗ್ರಿ.

ಕೋನ ಒಂದೇ ಆಗಿದ್ದರೆ ತ್ರಿಭುಜ ಚಿಕ್ಕದಿರಲಿ, ದೊಡ್ಡದಿರಲಿ, ಅನುಪಾತ ಬದಲಾಗದು. ಆದುದರಿಂದ ಇಳಿಜಾರು ಏಕರೂಪವಾಗಿದ್ದಲ್ಲಿ ಈ ಪುಟ್ಟ ತ್ರಿಭುಜವೇ ಇಡೀ ಧರೆಯ ವಿಷಯವನ್ನು ತಿಳಿಸುತ್ತದೆ. 10 ಮೀಟರ್ ಎತ್ತರದ ಧರೆಯನ್ನು 45 ಡಿಗ್ರಿಯಲ್ಲಿ ಬಿಡಲು 10 ಮೀಟರ್ ಅಗಲದ ಜಾಗ ಬೇಕು. ಟ್ಯಾಂಜೆಂಟ್ 2 ಆದರೆ 5 ಮೀಟರ್ ಸಾಕು. ಉಳಿತಾಯವಾದ ಆ 5 ಮೀಟರಿನ ಆಸೆಯೇ ಧರೆಯನ್ನು ಗೋಡೆಯಂತೆ ನಿಲ್ಲಿಸುತ್ತದೆ. ಅದರ ಬೆಲೆಯನ್ನು ತೆರುವವರು ಬುಡದ ಮನೆಯವರು.

ಕೋನವೊಂದೇ ಕುಸಿತವನ್ನು ನಿರ್ಧರಿಸುವುದಿಲ್ಲ. ಮಣ್ಣಿನ ಗುಣ, ನೀರಿನ ಹರಿವು, ಮೇಲಿನ ಭಾರ ಎಲ್ಲವೂ ಸೇರುತ್ತವೆ. ಮಳೆಗಾಲದಲ್ಲಿ ಧರೆಯ ಬಳಿ ಸುಳಿಯದೆ, ಬೇಸಿಗೆಯಲ್ಲಿ, ಹಿರಿಯರ ಜೊತೆಯಲ್ಲಿ, ಗಟ್ಟಿಯಾದ ತಗ್ಗು ಧರೆಗಳನ್ನಷ್ಟೇ ವಿದ್ಯಾರ್ಥಿಗಳು ಅಳೆಯಲಿ. ಅಳತೆಯನ್ನು ಬರೆದಿಟ್ಟು ಗ್ರಾಮಸಭೆಯ ಮುಂದಿಡಲಿ. "ತುಂಬಾ ಕಡಿದಾಗಿದೆ" ಎಂಬ ದೂರನ್ನು ತಳ್ಳಿಹಾಕಬಹುದು. ದಾರದಿಂದ ಅಳೆದ ಅಂಕಿಗೆ ಉತ್ತರ ಕೊಡಲೇಬೇಕಾಗುತ್ತದೆ.