ಎರಡಾಣೆಯ ಬಂಡವಾಳ

ಕನ್ನಡದ ಮೇಷ್ಟ್ರಿಗೆ ವ್ಯಾಪಾರದ ಗೊಡವೆ ಏಕೆಂದು ಶ್ರೋತೃಗಳಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ‘ಉದ್ಯಮ’ವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಪ್ರಯತ್ನವೆಂದೇ ಅರ್ಥ. ಒಂದು ಉದ್ಯಮವನ್ನು ಕಟ್ಟಿ ನಿಲ್ಲಿಸಿ, ಬಳಿಕ ಇನ್ನೊಂದಕ್ಕೆ, ಮತ್ತೊಂದಕ್ಕೆ ಕೈಹಚ್ಚುವವರನ್ನು ಇಂದು ಸರಣಿ ಉದ್ಯಮಿಗಳೆನ್ನುತ್ತಾರೆ. ಹೆಸರು ಹೊಸದು, ಅಂಥವರು ನಮ್ಮಲ್ಲಿ ಹಿಂದೆಯೂ ಇದ್ದರು. ಮಣಿಪಾಲದ ಡಾ. ಟಿ. ಎಂ. ಎ. ಪೈ ಅವರಲ್ಲೊಬ್ಬರು.

1898ರಲ್ಲಿ ಹುಟ್ಟಿದ ಪೈಗಳು ವೃತ್ತಿಯಿಂದ ವೈದ್ಯರು. ಕೈಮಗ್ಗದ ಕಸುಬು ಸೊರಗಿ ಕರಾವಳಿಯ ನೇಕಾರರು ಕಂಗಾಲಾಗಿದ್ದ ಕಾಲದಲ್ಲಿ, 1925ರಲ್ಲಿ, ಅವರೂ ಅವರ ಅಣ್ಣ ಉಪೇಂದ್ರ ಅನಂತ ಪೈಗಳೂ ಎಂಜಿನಿಯರ್ ವಾಮನ ಕುಡ್ವರೂ ಕೂಡಿ ಉಡುಪಿಯಲ್ಲಿ ಒಂದು ಬ್ಯಾಂಕನ್ನು ತೆರೆದರು. ಮೂಲ ಬಂಡವಾಳ 8000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದದ್ದು ಅದೇ.

1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಕಡಿಮೆ ಹಣವನ್ನೂ ಪಡೆದು ಬರೆದುಕೊಳ್ಳುತ್ತಿದ್ದ. ಎಂಟು ದಿನಕ್ಕೆ ಒಂದು ರೂಪಾಯಿ, ವರ್ಷಕ್ಕೆ ನಲವತ್ತೈದು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಮನೆಗೆ ಬ್ಯಾಂಕೇ ನಡೆದು ಹೋಯಿತು, ರೋಗಿಯ ಮನೆಗೆ ವೈದ್ಯ ಹೋಗುವಂತೆ.

ಆಮೇಲಿನ ಉದ್ಯಮಗಳು ವಿದ್ಯೆಯವು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್; 1953ರಲ್ಲಿ ಮುರಕಲ್ಲಿನ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು; 1957ರಲ್ಲಿ ಎಂಜಿನಿಯರಿಂಗ್ ಕಾಲೇಜು. ವೈದ್ಯಕೀಯ ವಿದ್ಯಾರ್ಥಿಗಳ ತರಬೇತಿಗೆ ಅವರು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯನ್ನು ಬಳಸಿಕೊಂಡರು. ಎಲ್ಲವೂ ನಮ್ಮದೇ ಆಗಲಿ, ಆಮೇಲೆ ತೊಡಗೋಣವೆಂದು ಕಾಯುತ್ತ ಕೂಡಲಿಲ್ಲ. ವಿದ್ಯಾರ್ಥಿಗಳ ಶುಲ್ಕದ ಬಲದಿಂದ ನಡೆಯುವ ಕಾಲೇಜು ಬಡವನಿಗೆ ಎಟುಕದೆಂಬ ಆಕ್ಷೇಪವುಂಟು. ನಲವತ್ತು ವರ್ಷದ ಮೇಷ್ಟರಿಕೆಯ ಬಳಿಕ ಅದನ್ನು ನಾನು ತಳ್ಳಿಹಾಕಲಾರೆ. ಆದರೂ ಕೊರತೆ ಕಂಡಲ್ಲಿ ಅರ್ಜಿ ಬರೆದು ಸುಮ್ಮನಾಗದೆ ಕೆಲಸಕ್ಕೆ ಕೈಹಾಕಿದ ಆ ಛಲವನ್ನು ಮೆಚ್ಚದಿರುವುದೂ ಆಗದು.

ನಾನೂ ಒಮ್ಮೆ ಉದ್ಯಮಿಯಾಗಿದ್ದೆ. ಎಂಬತ್ತರ ದಶಕದಲ್ಲಿ ನಾವು ಮೂವರು ತರುಣ ಅಧ್ಯಾಪಕರು ತಲಾ ಒಂದು ತಿಂಗಳ ಸಂಬಳ ಹಾಕಿ ಸಾಹಿತ್ಯ ಮಾಸಿಕವೊಂದನ್ನು ಹೊರಡಿಸಿದೆವು. ಮೊದಲ ಸಂಚಿಕೆಗೇ ಸಾವಿರ ಪ್ರತಿ. ಊರೂರಿನ ಅಂಗಡಿಗಳಿಗೆ ಕಳಿಸಿದೆವು; ಬರಬೇಕಾದ ಹಣವನ್ನು ಕೇಳಲು ಯಾರೂ ಹೋಗಲಿಲ್ಲ. ಕೇಳುವುದು ನಮ್ಮ ಘನತೆಗೆ ಕುಂದೆಂದು ಬಗೆದಿದ್ದೆವು. ಏಳನೆಯ ಸಂಚಿಕೆ ಬೆಳಕು ಕಾಣಲೇ ಇಲ್ಲ.

ಆ ದಿನಗಳಲ್ಲಿ ಸಂಜೆಯಾದರೆ ನಮ್ಮ ಓಣಿಗೆ ಪಿಗ್ಮಿಯವನು ಬರುತ್ತಿದ್ದ. ನನ್ನ ತಾಯಿ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕೊಡುವರು. ಅವನು ಪುಸ್ತಕದಲ್ಲಿ ಬರೆದು, ಚಹಾ ಕೂಡ ಕುಡಿಯದೆ, ಮುಂದಿನ ಮನೆಗೆ ನಡೆಯುವನು. ಮಳೆಗಾಲದಲ್ಲೂ ತಪ್ಪಿಸಿದವನಲ್ಲ. ನಾನು ಒಳಗೆ ಕುಳಿತು ಸಂಪಾದಕೀಯ ಬರೆಯುತ್ತಿದ್ದೆ. ಕಡೆಗೆ ಮುದ್ರಣಾಲಯದ ಬಾಕಿ ತೀರಿದ್ದು ತಾಯಿಯ ಆ ಪಿಗ್ಮಿ ಹಣದಿಂದ. ಅವರು ಏನೂ ಅನ್ನಲಿಲ್ಲ. ಮರುದಿನ ಸಂಜೆ ಮತ್ತೆ ಒಂದು ರೂಪಾಯಿಯಿಂದ ಹೊಸ ಲೆಕ್ಕ ತೆರೆದರು.

ಉದ್ಯಮ ಹೂಡಬೇಕೆಂದು ಸಲಹೆ ಕೇಳಿ ಬರುವ ಹಳೆಯ ಶಿಷ್ಯರಿಗೆ ನಾನು ಇಷ್ಟೇ ಹೇಳುತ್ತೇನೆ: ಕೈಗೆ ನಿಲುಕುವಷ್ಟರಿಂದ ತೊಡಗು. ಯಾರಿಗಾಗಿ ತೊಡಗಿದೆಯೋ ಅವರ ಬಾಗಿಲಿಗೆ ನೀನೇ ಹೋಗು. ಲೆಕ್ಕವನ್ನು ಅಂದಂದೇ ಬರೆ. ಬರಬೇಕಾದ್ದನ್ನು ಕೇಳಲು ನಾಚಬೇಡ. ಮೊದಲನೆಯದು ತನ್ನ ಕಾಲ ಮೇಲೆ ನಿಲ್ಲದೆ ಎರಡನೆಯದಕ್ಕೆ ಕೈಯಿಡಬೇಡ.

ಡಾ. ಪೈ 1979ರಲ್ಲಿ ತೀರಿಕೊಂಡರು. 1969ರಲ್ಲಿ ರಾಷ್ಟ್ರೀಕರಣಗೊಂಡಿದ್ದ ಅವರ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಆ ಹೆಸರೂ ಅಳಿಯಿತು. ನಮ್ಮ ಮಾಸಿಕದ ಹೆಸರನ್ನು ನೆನೆಯುವವರಂತೂ ಇಲ್ಲ. ಆದರೆ ವರ್ಷದ ಚಂದಾ ಕಟ್ಟಿದವರಿಗೆ ನಾವು ಇನ್ನೂ ಆರು ಸಂಚಿಕೆಗಳನ್ನು ಕೊಡಬೇಕಾಗಿದೆ. ಅವರಲ್ಲಿ ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ, ಕ್ಷಮಿಸಬೇಕು.